ಒತ್ತಿ ಒತ್ತಿ ತೂಕ ತುಂಬಿದ ಬಾಣ

ಕ್ರಿಕೆಟ್ ಬ್ಯಾಟಿನ ಮರವನ್ನು ಯಂತ್ರಕ್ಕೆ ಕೊಟ್ಟು ಒತ್ತಿರುತ್ತಾರೆ ಎಂಬುದು ಆಡುವವರಿಗೆಲ್ಲ ಗೊತ್ತು. ವಿಲೋ ಮೆದು ಮರ. ಹಾಗೇ ಬಿಟ್ಟರೆ ಲೆದರ್ ಚೆಂಡಿನ ನಾಲ್ಕೇಟಿಗೆ ಗುಳಿ ಬೀಳುತ್ತದೆ. ಅದಕ್ಕೇ ತಯಾರಕರು ಉರುಳೆಗಳ ಅಡಿಯಲ್ಲಿ ಹಾಯಿಸಿ ಮೇಲ್ಮೈಯನ್ನು ಬಿಗಿಗೊಳಿಸುತ್ತಾರೆ. ಕೊಂಡವರು ಮನೆಗೆ ತಂದು ಮರದ ಸುತ್ತಿಗೆಯಿಂದ ದಿನಗಟ್ಟಲೆ ತಟ್ಟುತ್ತಾರೆ. ಬ್ಯಾಟಿಗೆ ಬೇಕಾದದ್ದು ಹೊರಮೈಯ ಗಟ್ಟಿತನವಷ್ಟೇ, ಒಳಗೆ ಅದು ಹಗುರವಾಗಿಯೇ ಇರಬೇಕು. ಇದೇ ಒತ್ತಡವನ್ನು ಶಾಖದ ಜೊತೆ ಸೇರಿಸಿ ಹಲಗೆಯ ಒಡಲಿನವರೆಗೂ ಇಳಿಸಿ, ಆ ಹಲಗೆಯನ್ನು ಸೀಳಿ ಬಾಣದ ಕಡ್ಡಿ ಮಾಡಬಹುದು ಎಂದು ಹೊರಟವನು ಅಮೆರಿಕದ ಒರೆಗಾನ್ ರಾಜ್ಯದ ಯೂಜೀನ್ ಪಟ್ಟಣದ ಬಿಲ್ ಸ್ವೀಟ್‌ಲ್ಯಾಂಡ್.

ಕಳೆದ ಶತಮಾನದ ಮಧ್ಯಭಾಗದಲ್ಲಿ ಅವನು ಮಾರುತ್ತಿದ್ದ ಕಡ್ಡಿಗಳ ಹೆಸರು ಫೋರ್ಜ್‌ವುಡ್. ಮರ ಮಾತ್ರ ಆ ಸೀಮೆಯ ಬಾಣಗಾರರೆಲ್ಲ ಬಳಸುತ್ತಿದ್ದ ಪೋರ್ಟ್ ಆರ್ಫರ್ಡ್ ಸೀಡರೇ. ಕೈಗೆತ್ತಿಕೊಂಡರೆ ಸೀಡರಿನ ಬಾಣ ಎಂದು ನಂಬುವುದು ಕಷ್ಟ. ಬಣ್ಣ ಕಂದಿ ಗಾಢವಾಗಿದೆ, ಮೈ ನುಣುಪಾಗಿದೆ, ಉಗುರು ಊರಿದರೆ ಗುರುತು ಮೂಡುವುದಿಲ್ಲ, ಅಷ್ಟು ಸಣ್ಣ ಕಡ್ಡಿಗೆ ಇಷ್ಟು ಭಾರವೇ ಎನ್ನಿಸುತ್ತದೆ. ಬೇಟೆಗಾರರು ಅದನ್ನು ಹುಡುಕಿಕೊಂಡು ಬಂದರು. ಇಂದಿಗೂ ಹಳೆಯ ಫೋರ್ಜ್‌ವುಡ್ ಬಾಣ ಸಿಕ್ಕರೆ ಅದನ್ನು ಬಿಲ್ಲಿಗೆ ಹೂಡಬೇಕೋ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೋ ಎಂದು ಅಲ್ಲಿನ ಹವ್ಯಾಸಿಗಳು ತಲೆ ಕೆಡಿಸಿಕೊಳ್ಳುತ್ತಾರೆ.

ಬಾಣ ಭಾರವಾಗಿರಬೇಕು ಎಂಬ ಹಂಬಲ ಏಕೆ? ಹಗುರ ಬಾಣ ವೇಗವಾಗಿ ಹೋಗುತ್ತದೆ, ವೇಗವಾಗಿ ಹೋದದ್ದು ನೇರವಾಗಿ ಹೋಗುತ್ತದೆ ಎಂಬುದು ಕಣ್ಣಿಗೆ ಕಾಣುವ ಸತ್ಯ. ಕಾಣದಿರುವುದು ಬಿಲ್ಲಿನ ಒಳಗಿನ ಲೆಕ್ಕ. ಎಳೆದ ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಬಾಣಕ್ಕೆ ಹೋಗುವುದಿಲ್ಲ. ಮುಂದಕ್ಕೆ ಚಿಮ್ಮುವ ಬಿಲ್ಲಿನ ತೋಳುಗಳು, ಹೆದೆ, ಇವೂ ತಮ್ಮ ಪಾಲು ಕೇಳುತ್ತವೆ. ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್ಸ್ಟೆಗ್ ಇದನ್ನು ಸುಲಭ ಮಾಡಿ ಹೇಳಿದ: ಪ್ರತಿ ಬಿಲ್ಲೂ ಬಾಣದ ಬೆನ್ನಿಗೆ ಒಂದು ಕಾಣದ ತೂಕವನ್ನು ಕಟ್ಟಿ ಕಳಿಸುತ್ತದೆ, ಶಕ್ತಿ ಬಾಣಕ್ಕೂ ಆ ಕಾಣದ ತೂಕಕ್ಕೂ ಹಂಚಿಹೋಗುತ್ತದೆ. ಬಾಣ ಭಾರವಾದಷ್ಟೂ ಹಂಚಿಕೆಯಲ್ಲಿ ಅದರ ಪಾಲು ದೊಡ್ಡದು.

ಒಂದು ಉದಾಹರಣೆಯ ಲೆಕ್ಕ ಹಾಕೋಣ. ಬಿಲ್ಲು 60 ಜೂಲ್ ಶಕ್ತಿ ಬಿಡುತ್ತದೆ, ಕಾಣದ ತೂಕ 10 ಗ್ರಾಂ ಎಂದಿಟ್ಟುಕೊಳ್ಳಿ. 26 ಗ್ರಾಂ ಬಾಣ ಸೆಕೆಂಡಿಗೆ ಸುಮಾರು 58 ಮೀಟರ್ ವೇಗದಲ್ಲಿ ಹೊರಡುತ್ತದೆ, 43 ಜೂಲ್ ಹೊತ್ತುಕೊಂಡು. 42 ಗ್ರಾಂ ಬಾಣದ ವೇಗ 48 ಮೀಟರಿಗೆ ಇಳಿಯುತ್ತದೆ, ಆದರೆ ಅದು ಹೊತ್ತ ಶಕ್ತಿ 48 ಜೂಲ್‌ಗಿಂತ ತುಸು ಹೆಚ್ಚು. ತೂಕವನ್ನು ವೇಗದಿಂದ ಗುಣಿಸಿದಾಗ ಸಿಗುವ ಸಂವೇಗವಂತೂ ಮೂರನೇ ಒಂದರಷ್ಟು ಏರುತ್ತದೆ. ಬಿಲ್ಲಿಗೂ ಇದರಿಂದ ಹಿತ. ತೀರಾ ಹಗುರ ಬಾಣ ಬಿಟ್ಟರೆ ಉಳಿದ ಶಕ್ತಿಯೆಲ್ಲ ಬಿಲ್ಲಿನ ಮೈಯಲ್ಲೇ ನಡುಗಿ ಸಾಯಬೇಕು. ಬಾಣವಿಲ್ಲದೆ ಬರೀ ಹೆದೆ ಎಳೆದು ಬಿಟ್ಟರೆ ಮರದ ಬಿಲ್ಲು ಮುರಿಯುವುದೂ ಉಂಟು. ಭಾರದ ಬಾಣ ಬಿಟ್ಟಾಗ ಕೈಗೆ ಹೊಡೆತ ಕಡಿಮೆ, ಸದ್ದೂ ಕಡಿಮೆ.

ಬಾಣದ ತೂಕವನ್ನು ಅಳೆಯುವ ಅಮೆರಿಕನ್ನರ ಮಾನ ಗ್ರೇನ್. ಏಳು ಸಾವಿರ ಗ್ರೇನ್ ಸೇರಿದರೆ ಒಂದು ಪೌಂಡ್. ಮೇಲಿನ ಎರಡು ಬಾಣಗಳು ಸರಿಸುಮಾರು 400 ಮತ್ತು 650 ಗ್ರೇನ್ ಎಂದಾಯಿತು. 650 ಎಂಬ ಸಂಖ್ಯೆ ನಾನು ಸುಮ್ಮನೆ ಆರಿಸಿದ್ದಲ್ಲ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಎಡ್ ಆ್ಯಶ್ಬಿ ಎಂಬ ಬೇಟೆಗಾರ ದೊಡ್ಡ ಪ್ರಾಣಿಗಳ ಮೇಲೆ ಬಾಣಗಳ ಪರಿಣಾಮ ದಾಖಲಿಸುತ್ತಾ ಹೋಗಿ, ಗಟ್ಟಿ ಮೂಳೆ ಒಡೆದು ಒಳಹೋಗುವುದು ಸುಮಾರು ಆ ತೂಕದ ಮೇಲೆ ಸ್ಪಷ್ಟವಾಗಿ ಸುಧಾರಿಸುತ್ತದೆ ಎಂದು ಹೇಳಿದ. ಅಂದಿನಿಂದ ಅಮೆರಿಕದ ಬೇಟೆಗಾರರಲ್ಲಿ ಭಾರದ ಬಾಣದ್ದೇ ಒಂದು ಪಂಥ ಹುಟ್ಟಿಕೊಂಡಿದೆ. ಪಂಥಗಳ ಸ್ವಭಾವದಂತೆ ಇದೂ ತುಸು ಅತಿಗೆ ಹೋಗಿದೆ ಎಂದೇ ನನ್ನ ಅನಿಸಿಕೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬಿಲ್ಲಿನ ಬೇಟೆಯ ಪ್ರಶ್ನೆಯೇ ಇಲ್ಲ. ಗುರಿಹಲಗೆಗೆ ಹೊಡೆಯುವವರಿಗೆ ಮೂಳೆ ಒಡೆಯುವ ಬಾಣ ಬೇಡ. ಮೇಲಿನ ಲೆಕ್ಕದ ಬಾಣಗಳನ್ನೇ ನೆಲಕ್ಕೆ ಸಮವಾಗಿ ಬಿಟ್ಟರೆ 20 ಮೀಟರ್ ಹೋಗುವಷ್ಟರಲ್ಲಿ ಹಗುರದ್ದು 59 ಸೆಂಟಿಮೀಟರ್ ಇಳಿದಿರುತ್ತದೆ, ಭಾರದ್ದು 85. ಐವತ್ತು ಮೀಟರಿನಲ್ಲಿ ಆ ಅಂತರ ಒಂದೂವರೆ ಮೀಟರ್ ದಾಟುತ್ತದೆ. ದೂರ ಅಂದಾಜು ಮಾಡುವಲ್ಲಿ ಸ್ವಲ್ಪ ಎಡವಿದರೂ ಭಾರದ ಬಾಣ ಕ್ಷಮಿಸುವುದಿಲ್ಲ.

ಇಂಗ್ಲೆಂಡಿನ ಸೈನ್ಯಕ್ಕೆ ಈ ಲೆಕ್ಕ ಬೇರೆ ಬಗೆಯಲ್ಲಿ ಗೊತ್ತಿತ್ತು. ಅಲ್ಲಿ ಬಾಣ ಎಂದರೆ ಸರ್ಕಾರದ ಸರಕು. 1416ರಲ್ಲಿ ಬಂದ ಒಂದು ಶಾಸನ ಮರದ ಪಾದುಕೆ ಮಾಡುವವರು ಆಸ್ಪೆನ್ ಮರ ಮುಟ್ಟಬಾರದು, ಅದು ಬಾಣಗಾರರಿಗೆ ಮೀಸಲು ಎಂದು ಕಟ್ಟುಪಾಡು ಹಾಕಿತು. ಆಸ್ಪೆನ್ ಹಗುರ ಮರ, ಬೇಗ ಬೆಳೆಯುತ್ತದೆ, ಬೇಕಾದಷ್ಟು ಸಿಗುತ್ತದೆ. ಸಾವಿರಗಟ್ಟಲೆ ಬಾಣ ಬೇಕಾದಾಗ ಉಗ್ರಾಣದವರಿಗೆ ಅದೇ ಅನುಕೂಲ. ಇದಕ್ಕೆ ಎದುರು ಮಾತಾಡಿದವನು ರೋಜರ್ ಆ್ಯಸ್ಕಮ್. ಮುಂದೆ ಮೊದಲನೇ ಎಲಿಜಬೆತ್‌ಗೆ ಗುರುವಾದ ಈ ವಿದ್ವಾಂಸ 1545ರಲ್ಲಿ ‘ಟಾಕ್ಸೋಫಿಲಸ್’ ಎಂಬ ಬಿಲ್ವಿದ್ಯೆಯ ಪುಸ್ತಕ ಬರೆದ. ಬಾಣಕ್ಕೆ ಬರುವ ಹದಿನೈದು ಬಗೆಯ ಮರಗಳನ್ನು ಅದರಲ್ಲಿ ಎಣಿಸಿ, ಯುದ್ಧಕ್ಕೆ ಆಸ್ಪೆನ್ ಬದಲು ಆ್ಯಶ್ ಮರ ಬಳಸಿದರೆ ಪೆಟ್ಟು ಜೋರಾಗಿ ಬೀಳುತ್ತದೆ ಎಂದು ವಾದಿಸಿದ. ಅದೇ 1545ರ ಜುಲೈನಲ್ಲಿ ಎಂಟನೇ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ ಪೋರ್ಟ್ಸ್‌ಮತ್ ಬಂದರಿನ ಆಚೆ ಮುಳುಗಿತು. 1982ರಲ್ಲಿ ಮೇಲೆತ್ತಿದ ಆ ಹಡಗಿನ ಅವಶೇಷಗಳಲ್ಲಿ ಸಿಕ್ಕ ಸುಮಾರು 3,500 ಬಾಣಗಳಲ್ಲಿ ಹೆಚ್ಚಿನವು ಆಸ್ಪೆನ್ ಸೇರಿದ ಪಾಪ್ಲರ್ ಜಾತಿಯವು. ವಿದ್ವಾಂಸ ಪುಸ್ತಕದಲ್ಲಿ ಏನೇ ಬರೆಯಲಿ, ಉಗ್ರಾಣದ ಗುಮಾಸ್ತ ತನಗೆ ಸಿಕ್ಕ ಮರವನ್ನೇ ತುಂಬಿಸಿದ್ದ.

ಹಾಗಿದ್ದರೆ ಭಾರ ಬೇಕಾದವರು ಭಾರದ ಮರ ತೆಗೆದುಕೊಂಡರೆ ಆಯಿತಲ್ಲ, ಸೀಡರನ್ನು ಹಿಂಡಿ ಹಿಪ್ಪೆ ಮಾಡುವ ಗೋಜು ಏಕೆ? ಇದಕ್ಕೆ ಉತ್ತರ ಬಾಣ ಬಿಲ್ಲನ್ನು ಬಿಟ್ಟು ಹೊರಡುವ ಗಳಿಗೆಯಲ್ಲಿದೆ.

ಮರದ ಸಾದಾ ಬಿಲ್ಲಿನಲ್ಲಿ ಬಾಣ ಹಿಡಿಯ ಪಕ್ಕಕ್ಕೆ ಆತುಕೊಂಡಿರುತ್ತದೆ. ಎಳೆದಾಗ ಅದು ಗುರಿಯ ಕಡೆ ನೋಡುತ್ತಿದ್ದರೂ, ಬಿಟ್ಟ ಮೇಲೆ ಹೆದೆ ಬಿಲ್ಲಿನ ನಟ್ಟನಡುವಿಗೆ ಓಡುತ್ತದೆ. ಆ ಲೆಕ್ಕದಲ್ಲಿ ಬಾಣದ ಮೊನೆ ಪಕ್ಕಕ್ಕೆ ತಿರುಗಬೇಕು. ಆದರೂ ಬಾಣ ಗುರಿಗೇ ಹೋಗುತ್ತದೆ. ಅಮೆರಿಕದ ವೈದ್ಯ, ಬಿಲ್ಲುಗಾರ ರಾಬರ್ಟ್ ಎಲ್ಮರ್ ಇದನ್ನು ಬಿಲ್ಲುಗಾರನ ವಿರೋಧಾಭಾಸ ಎಂದು ಕರೆದ. ಬಹಳ ಕಾಲ ಇದು ವಾದದ ವಸ್ತುವಾಗಿತ್ತು. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಬಾಣವನ್ನು ಸೆರೆಹಿಡಿದು ತೋರಿಸಿದ ಮೇಲೆ ವಾದ ನಿಂತಿತು. ಬೆಲ್ ಪ್ರಯೋಗಾಲಯದ ವಿಜ್ಞಾನಿಯಾಗಿದ್ದ ಈತ ಅದಕ್ಕೂ ಮೊದಲು ರಾಕೆಟ್ ತಜ್ಞ ರಾಬರ್ಟ್ ಗಾಡರ್ಡ್ ಜೊತೆ ದುಡಿದವನು. ಹಾರುವ ವಸ್ತುಗಳ ಮೇಲೆ ಅವನಿಗೆ ಮೊದಲಿಂದ ಮೋಹ. ಅವನ ಚಿತ್ರಗಳಲ್ಲಿ ಬಾಣ ಹಾವಿನ ಹಾಗೆ ಬಳುಕುತ್ತದೆ. ಹೆದೆ ಹಿಂದಿನಿಂದ ನೂಕಿದಾಗ ನಡು ಒಂದು ದಿಕ್ಕಿಗೆ ಬಾಗುತ್ತದೆ, ಮರುಕ್ಷಣ ಎದುರು ದಿಕ್ಕಿಗೆ ಬಾಗುತ್ತದೆ, ಹೀಗೆ ಹಿಡಿಯನ್ನು ಸುತ್ತಿ ದಾಟಿ ಗರಿಗಳನ್ನೂ ತಾಗಿಸಿಕೊಳ್ಳದೆ ಹೊರಡುತ್ತದೆ. ಆಮೇಲೂ ಗಾಳಿಯಲ್ಲಿ ಸ್ವಲ್ಪ ದೂರ ತುಯ್ದಾಡಿ ಕ್ರಮೇಣ ನೇರವಾಗುತ್ತದೆ.

ಈ ಬಳುಕು ಬಿಲ್ಲಿನ ಬಲಕ್ಕೆ ಸರಿಯಾಗಿ ಹೊಂದಬೇಕು. ಕಡ್ಡಿ ಅತಿ ಬಿಗಿಯಾಗಿದ್ದರೆ ಬಲಗೈಯವರ ಬಾಣ ಎಡಕ್ಕೆ ಬೀಳುತ್ತದೆ, ಅತಿ ಮೆದುವಾದರೆ ಬಲಕ್ಕೆ. ಕಡ್ಡಿಯ ಈ ಬಿಗುವಿಗೆ ಬಿಲ್ಲುಗಾರರು ಸ್ಪೈನ್ ಎನ್ನುತ್ತಾರೆ. ಮರದ ಕಡ್ಡಿಗೆ ಅದನ್ನು ಅಳೆಯುವ ರೂಢಿ ಸರಳ: 26 ಇಂಚು ಅಂತರದ ಎರಡು ಆಧಾರಗಳ ಮೇಲೆ ಕಡ್ಡಿ ಇಟ್ಟು ನಡುವೆ ಎರಡು ಪೌಂಡ್ ತೂಗುಬಿಡುವುದು, ಎಷ್ಟು ಇಂಚು ಬಾಗಿತು ನೋಡುವುದು, 26ನ್ನು ಅದರಿಂದ ಭಾಗಿಸುವುದು. ಅರ್ಧ ಇಂಚಿಗಿಂತ ಕೂದಲೆಳೆ ಹೆಚ್ಚು, ಅಂದರೆ 0.52 ಇಂಚು ಬಾಗಿದ ಕಡ್ಡಿ 50 ಪೌಂಡ್ ಬಿಲ್ಲಿಗೆ. ಅಂಗಡಿಯಲ್ಲಿ ಮರದ ಕಡ್ಡಿಗಳನ್ನು ಐದೈದು ಪೌಂಡಿನ ಕಟ್ಟುಗಳಾಗಿ ವಿಂಗಡಿಸಿ ಮಾರುತ್ತಾರೆ. ಮರ ಎಂದ ಮೇಲೆ ಒಂದೇ ಹಲಗೆಯ ಎರಡು ಕಡ್ಡಿಗಳೂ ಒಂದೇ ಥರ ಇರುವುದಿಲ್ಲ. ಕಟ್ಟಾ ಬಿಲ್ಲುಗಾರರು ಒಂದು ಡಜನ್ ಬಾಣಗಳ ಸ್ಪೈನ್ ಹೊಂದಬೇಕು, ತೂಕದ ವ್ಯತ್ಯಾಸ ಹತ್ತು ಗ್ರೇನ್ ಒಳಗೇ ಇರಬೇಕು ಎಂದು ಹಟ ಹಿಡಿಯುತ್ತಾರೆ. ಹತ್ತು ಗ್ರೇನ್ ಎಂದರೆ ಒಂದು ಗ್ರಾಮಿನ ಮೂರನೇ ಎರಡು ಪಾಲು. ನೂರು ಕಡ್ಡಿ ರಾಶಿ ಹಾಕಿ ಹನ್ನೆರಡು ಆರಿಸುವ ಕೆಲಸ ಅದು.

ತೂಕವೊಂದೇ ಬೇಕಿದ್ದರೆ ಮೊನೆಗೆ ಸೀಸ ಸುರಿದರೂ ನಡೆಯುತ್ತಿತ್ತು. ತೂಕ ಏರಬೇಕು, ಆದರೆ ಸ್ಪೈನ್ ಇದ್ದಲ್ಲೇ ಇರಬೇಕು, ಕಡ್ಡಿ ದಪ್ಪವಾಗಬಾರದು, ಮಳೆಗಾಲ ಬೇಸಿಗೆ ಎನ್ನದೆ ನೇರವಾಗಿರಬೇಕು ಎಂದಾಗ ಹೊಸ ಲೆಕ್ಕ ಶುರುವಾಗುತ್ತದೆ. ಗುಂಡನೆಯ ಕಡ್ಡಿಯ ಬಿಗುವು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ತೂಕವಾದರೋ ವರ್ಗಕ್ಕೆ ತಕ್ಕಂತೆ. ಹೀಗಾಗಿ ವ್ಯಾಸವನ್ನು ಚೂರು ಕಡಿಮೆ ಮಾಡಿದರೂ ಬಿಗುವು ದಡಕ್ಕನೆ ಇಳಿಯುತ್ತದೆ. ಈಗ ಮರವನ್ನು ಒತ್ತಿ ಸಾಂದ್ರತೆಯನ್ನು 1.6 ಪಟ್ಟು ಮಾಡಿದೆವು, ನಾರುಗಳು ಜಜ್ಜಿಹೋಗದೆ ಮರದ ಬಿಗುವೂ ಅಷ್ಟೇ ಪಟ್ಟು ಏರಿತು ಎಂದುಕೊಳ್ಳಿ. ಹಳೆಯ ಸ್ಪೈನ್ ಉಳಿಸಿಕೊಳ್ಳಲು 8.7 ಮಿಲಿಮೀಟರ್ ಕಡ್ಡಿಯನ್ನು 7.7ಕ್ಕೆ ಇಳಿಸಬೇಕಾಗುತ್ತದೆ, ಹಾಗೆ ಇಳಿಸಿದ ಮೇಲೂ ತೂಕ ಕಾಲುಭಾಗ ಜಾಸ್ತಿಯೇ. ಸಾಂದ್ರತೆ ಎರಡು ಪಟ್ಟಾದರೆ ವ್ಯಾಸ 7.3, ತೂಕದ ಏರಿಕೆ ಶೇ 41. ಸಣ್ಣ ಕಡ್ಡಿ ಎಂದರೆ ಬಿಲ್ಲಿನ ಹಿಡಿಯನ್ನು ಸುತ್ತಿಹೋಗುವ ದಾರಿ ಕಿರಿದು, ಗಾಳಿಯ ತಡೆ ಕಡಿಮೆ, ಹೊಕ್ಕಲ್ಲಿ ಉಜ್ಜಾಟವೂ ಕಡಿಮೆ. ದಪ್ಪ ಇಳಿಸದೆ ಹಾಗೇ ಬಿಟ್ಟರೆ ಸೀಡರಿನಲ್ಲಿ ಸಾಧಾರಣವಾಗಿ ಸಿಗದಷ್ಟು ಬಿಗಿ ಕಡ್ಡಿ ಸಿಗುತ್ತದೆ. ತುಂಬಾ ಬಲದ ಬಿಲ್ಲು ಎಳೆಯುವವರಿಗೆ ಅದೇ ಬೇಕು.

ನ್ಯಾಯವಾಗಿ ಹಿಕರಿಯ ಮಾತನ್ನೂ ಹೇಳಬೇಕು. ಕೊಡಲಿ ಕಾವಿಗೆ ಅಮೆರಿಕನ್ನರು ಬಳಸುವ ಈ ಮರದ ಸಾಂದ್ರತೆ 0.72ರ ಆಸುಪಾಸು, ಪೋರ್ಟ್ ಆರ್ಫರ್ಡ್ ಸೀಡರಿನದು 0.43. ಒಂದೇ ಸ್ಪೈನಿಗೆ ಎರಡನ್ನೂ ಕೆತ್ತಿದರೆ ಹಿಕರಿ ಬಾಣ ಸೀಡರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಯಾವ ಯಂತ್ರವೂ ಬೇಡ, ಶಾಖವೂ ಬೇಡ. ಮುರಿಯುವುದೂ ಅಪರೂಪ. ಆದರೆ ಹಿಕರಿ ಹಟಮಾರಿ. ಇವತ್ತು ಕಾಯಿಸಿ ಬಗ್ಗಿಸಿ ನೇರ ಮಾಡಿಟ್ಟರೆ ಮುಂದಿನ ಥಂಡಿಗೆ ಮತ್ತೆ ಡೊಂಕು. ಸೀಡರಿನ ಎಳೆ ನೂಲು ಹಿಡಿದಂತೆ ನೇರ, ಸೀಳಿದರೆ ನೇರ ಸೀಳುತ್ತದೆ, ಸ್ವಲ್ಪ ಡೊಂಕಿದ್ದರೆ ಬೆರಳಲ್ಲಿ ಒತ್ತಿದರೆ ಮಾತು ಕೇಳುತ್ತದೆ. ಸಾಧು ಮರದ ಸ್ವಭಾವವನ್ನು ಕೆಡಿಸದೆ ಅದಕ್ಕೆ ಗಡುಸು ಮರದ ಮೈ ಕೊಡುವುದು ಒತ್ತುಯಂತ್ರದ ಉದ್ದೇಶ. ಎಷ್ಟು ಒತ್ತಬೇಕು ಎಂಬುದು ಬಾಣಗಾರನ ಕೈಯಲ್ಲೇ ಇರುವುದರಿಂದ, ಕಾಡು ಕೊಟ್ಟದ್ದನ್ನು ಆರಿಸಿ ಆರಿಸಿ ಸೋಲುವುದು ತಪ್ಪಿ ಬೇಕಾದ ತೂಕವನ್ನು ಹೇಳಿ ಮಾಡಿಸುವುದು ಸಾಧ್ಯವಾಯಿತು.

ಮರದೊಳಗೆ ಅಷ್ಟು ಜಾಗ ಎಲ್ಲಿದೆ ಎಂದು ಕೇಳಬಹುದು. ಮರದ ಕೋಶಭಿತ್ತಿಯ ಸಾಂದ್ರತೆ ಯಾವ ಮರದಲ್ಲಾದರೂ ಸುಮಾರು 1.5. ಸೀಡರಿನ ಒಟ್ಟು ಸಾಂದ್ರತೆ 0.43 ಎಂದರೆ ಅದರ ಗಾತ್ರದಲ್ಲಿ ನಿಜವಾದ ಮರ ಮೂರನೇ ಒಂದಕ್ಕಿಂತಲೂ ಕಡಿಮೆ. ಮಿಕ್ಕದ್ದೆಲ್ಲ ಬರಿದಾದ ನಳಿಕೆಗಳ ಟೊಳ್ಳು. ಆ ಟೊಳ್ಳನ್ನು ಮುಚ್ಚುವುದೇ ಒತ್ತುವ ಕೆಲಸ. ತಣ್ಣಗಿನ ಒಣಮರವನ್ನು ಹಾಗೇ ಒತ್ತಿದರೆ ಭಿತ್ತಿಗಳು ಬಿರುಕುಬಿಟ್ಟು ಬಲ ಕುಂದುತ್ತದೆ. ತೇವ ಮತ್ತು ಶಾಖ ಸೇರಿದಾಗ ಕೋಶಗಳನ್ನು ಅಂಟಿಸಿ ಹಿಡಿದ ಲಿಗ್ನಿನ್ ಎಂಬ ವಸ್ತು ಮೆತ್ತಗಾಗುತ್ತದೆ, ಭಿತ್ತಿಗಳು ಒಡೆಯದೆ ಮಡಚಿಕೊಳ್ಳುತ್ತವೆ. ಒತ್ತಡ ಹಲಗೆಯ ಅಡ್ಡಕ್ಕೆ ಬೀಳುವುದರಿಂದ ಉದ್ದಕ್ಕೆ ಹರಿದ ನಾರುಗಳಿಗೆ ಏಟಿಲ್ಲ. ಬಾಣಕ್ಕೆ ಬಲ ಕೊಡುವುದು ಆ ನಾರುಗಳೇ.

ತುಂಬಾ ಒತ್ತುವುದಕ್ಕಿಂತ ಒತ್ತಿದ್ದನ್ನು ಹಾಗೇ ನಿಲ್ಲಿಸುವುದು ಕಷ್ಟ. ಬಿಸಿಯಾಗಿರುವಾಗಲೇ ಯಂತ್ರದ ಬಾಯಿ ತೆರೆದರೆ ಹಲಗೆ ಉಬ್ಬಿ ನಿಲ್ಲುತ್ತದೆ. ತಣ್ಣಗಾದ ಮೇಲೆ ತೆಗೆದರೂ ಮರಕ್ಕೆ ತನ್ನ ಹಳೆಯ ಆಕಾರದ ನೆನಪು ಪೂರ್ತಿ ಹೋಗಿರುವುದಿಲ್ಲ. ನೀರು ತಾಗಿದರೆ ಮರಳಿ ಹಿಗ್ಗಲು ನೋಡುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿರುವ ಅಮೆರಿಕದ ಅರಣ್ಯ ಉತ್ಪನ್ನ ಪ್ರಯೋಗಾಲಯ ಈ ತೊಂದರೆಗೆ ಎರಡು ಪರಿಹಾರ ಹುಡುಕಿತು. ಒಂದು, ಮರಕ್ಕೆ ಮೊದಲು ರಾಳ ಕುಡಿಸಿ ಆಮೇಲೆ ಒತ್ತಿ ಗಟ್ಟಿಯಾಗಿಸುವ ಕಾಂಪ್ರೆಗ್. ಇನ್ನೊಂದು ಸ್ಟೇಪ್ಯಾಕ್. ಇದರಲ್ಲಿ ರಾಳ ಇಲ್ಲ; ಲಿಗ್ನಿನ್ ಹರಿಯುವಷ್ಟು ಬಿಸಿ ಏರಿಸಿ, ಒತ್ತಡ ಬಿಡದೆಯೇ ನೂರು ಡಿಗ್ರಿಗಿಂತ ಕೆಳಕ್ಕೆ ತಣಿಸಿ ಹೊರತೆಗೆಯುತ್ತಾರೆ. ಒಳಗಿನ ಬಿಗಿತ ಸಡಿಲಗೊಂಡಿರುವುದರಿಂದ ಮರಳಿ ಉಬ್ಬುವುದು ಬಹಳ ಕಡಿಮೆ. ಸಾಂದ್ರತೆ 1.3ರಿಂದ 1.4ರವರೆಗೆ, ಅಂದರೆ ಟೊಳ್ಳು ಬಹುತೇಕ ಮುಗಿದ ಹಾಗೆ. ನೀರಿಗೆ ಹಾಕಿದರೆ ಮುಳುಗುವ ಮರ ಅದು. ಬಾಣಕ್ಕೆ ಅಷ್ಟು ದೂರ ಹೋಗಬೇಕಿಲ್ಲ.

ಬಾಣದ ಕಡ್ಡಿಯಲ್ಲಿ ಈ ಮರಳಿ ಉಬ್ಬುವ ಗುಣಕ್ಕೆ ಒಂದು ವಿಚಿತ್ರ ಪರಿಣಾಮವಿದೆ. ಹಲಗೆಯನ್ನು ಒತ್ತಿದ್ದು ಒಂದೇ ದಿಕ್ಕಿನಲ್ಲಿ, ಕಡ್ಡಿಯನ್ನು ತಿರುವಿ ತೆಗೆದದ್ದು ಗುಂಡಗೆ. ತೇವ ಹೀರಿದರೆ ಒತ್ತಿದ ದಿಕ್ಕಿಗೇ ಹೆಚ್ಚು ಹಿಗ್ಗಿ ಗುಂಡನೆಯದು ಮೊಟ್ಟೆಯಾಕಾರ ತಾಳುತ್ತದೆ. ಆಗ ಒಂದು ಮಗ್ಗುಲಿಗೆ ಬಿಗುವು ಒಂದು, ಇನ್ನೊಂದು ಮಗ್ಗುಲಿಗೆ ಮತ್ತೊಂದು. ಆದ್ದರಿಂದ ಒತ್ತಿದ ಮರದ ಬಾಣಕ್ಕೆ ಮೆರುಗೆಣ್ಣೆ ಬರೀ ಶೋಕಿಯಲ್ಲ. ಹೆದೆ ಕೂರುವ ಕಚ್ಚಿನ ಬುಡ, ಮೊನೆಯ ತೊಟ್ಟಿನೊಳಗೆ ಹೊಕ್ಕ ತುದಿ, ಎಳೆ ಕತ್ತರಿಸಿದ ಇಂಥ ಕಡೆಗಳಲ್ಲೇ ನೀರು ನುಗ್ಗುವುದು. ಅನುಭವಸ್ಥರು ಅಲ್ಲಿ ಎರಡು ಕೈ ಜಾಸ್ತಿ ಬಳಿಯುತ್ತಾರೆ.

ಯಂತ್ರ ಇದ್ದ ಮೇಲೆ ಇನ್ನೊಂದು ಚಮತ್ಕಾರವೂ ಸಾಧ್ಯ. ಹಲಗೆಯನ್ನು ಬೆಣೆಯ ಹಾಗೆ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ ಕೊಯ್ದು, ಎರಡು ಚಪ್ಪಟೆ ತಟ್ಟೆಗಳ ನಡುವೆ ಸಮನಾಗಿ ಒತ್ತಿದರೆ ದಪ್ಪ ತುದಿಯ ಕಡೆ ಸಾಂದ್ರತೆ ಹೆಚ್ಚಾಗುತ್ತದೆ. ಅದನ್ನು ಮುಂದಕ್ಕೆ ಮಾಡಿ ಬಾಣ ಕಟ್ಟಿದರೆ ತೂಕ ಮೊನೆಯ ಕಡೆಗೆ ಬೀಳುತ್ತದೆ, ಏಟು ತಿನ್ನುವ ಭಾಗ ಗಟ್ಟಿಯೂ ಆಗುತ್ತದೆ. ಮುಂದೆ ಭಾರವಿದ್ದ ಬಾಣ ಗಾಳಿಯಲ್ಲಿ ಬೇಗ ನೆಟ್ಟಗಾಗುತ್ತದೆ. ಈ ಉಪಾಯದ ಹಿಂದಿನ ಆಲೋಚನೆ ಬಹಳ ಹಳೆಯದು. ಕ್ಯಾಲಿಫೋರ್ನಿಯಾದ ಯಾಹಿ ಜನರಲ್ಲಿ ಕೊನೆಯವನಾಗಿ ಉಳಿದು 1911ರಲ್ಲಿ ಓರೊವಿಲ್ ಊರಿಗೆ ಬಂದ ಇಶಿ ಬಾಣ ಕಟ್ಟುತ್ತಿದ್ದುದೂ ಹಾಗೆಯೇ: ಹಿಂಭಾಗಕ್ಕೆ ಹಗುರ ಮರದ ಕಡ್ಡಿ, ಮುಂದೆ ಗಡುಸು ಮರದ ಗಿಡ್ಡ ತುಂಡು, ಎರಡನ್ನೂ ಸೇರಿಸಿ ಬಿಗಿದ ಕಟ್ಟು. ಇಶಿಯಿಂದ ಬಿಲ್ಲು ಕಲಿತವನು ಸ್ಯಾನ್ ಫ್ರಾನ್ಸಿಸ್ಕೋದ ಶಸ್ತ್ರವೈದ್ಯ ಸ್ಯಾಕ್ಸ್ಟನ್ ಪೋಪ್. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ ಮೇಲೆ, 1923ರಲ್ಲಿ ಪೋಪ್ ಬರೆದ ಬಿಲ್ಲಿನ ಬೇಟೆಯ ಪುಸ್ತಕ ಅಮೆರಿಕದಲ್ಲಿ ಮರದ ಬಿಲ್ಲಿನ ಹುಚ್ಚು ಹಿಡಿಸಿತು. ಸ್ವೀಟ್‌ಲ್ಯಾಂಡನ ಗಿರಾಕಿಗಳು ಆ ಹುಚ್ಚಿನ ಮುಂದಿನ ತಲೆಮಾರಿನವರು.

ಇನ್ನು ಆ ಮರದ ಕಥೆ. ಪೋರ್ಟ್ ಆರ್ಫರ್ಡ್ ಸೀಡರ್ ತಾನಾಗಿ ಬೆಳೆಯುವುದು ಒರೆಗಾನ್‌ನ ನೈಋತ್ಯ ಕರಾವಳಿ ಮತ್ತು ಅದಕ್ಕೆ ಹೊಂದಿಕೊಂಡ ಕ್ಯಾಲಿಫೋರ್ನಿಯಾದ ಚೂರು ಪ್ರದೇಶದಲ್ಲಿ ಮಾತ್ರ. ಹೆಸರಿಗೆ ಸೀಡರ್, ಕುಲದಲ್ಲಿ ಸೈಪ್ರೆಸ್. ಬಾಣ ಮುರಿದಾಗ ಶುಂಠಿಯಂಥ ಕಟು ಪರಿಮಳ ಬರುತ್ತದೆ. ಬಾಣ ಮುರಿದ ಬೇಸರಕ್ಕೆ ಸಿಗುವ ಸಮಾಧಾನ ಅದೊಂದೇ ಎನ್ನಬಹುದು. ಜಪಾನಿನ ಹಿನೋಕಿಗೆ ಹತ್ತಿರದ ನೆಂಟ, ಹಾಗಾಗಿ ಅಲ್ಲಿನವರು ದಿಮ್ಮಿಗಟ್ಟಲೆ ಕೊಂಡರು. ಬ್ಯಾಟರಿಯ ತಟ್ಟೆಗಳ ನಡುವೆ ಇಡುವ ತೆಳು ಹಲಗೆಗೂ ಇದೇ ಮರ ಹೋಯಿತು. ಇದರ ಮೇಲೆ ರೋಗ ಬೇರೆ. 1920ರ ದಶಕದಲ್ಲಿ ಸಿಯಾಟಲ್ ಬಳಿಯ ಅಲಂಕಾರಿಕ ಗಿಡಗಳಲ್ಲಿ ಕಾಣಿಸಿಕೊಂಡ ಬೇರುಕೊಳೆ 1952ರ ಹೊತ್ತಿಗೆ ಮರದ ತವರು ಕಾಡಿಗೂ ಕಾಲಿಟ್ಟಿತು. ಕಾರಣವಾದ ಜೀವಿ ಫೈಟಾಫ್ತೊರಾ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಕುಲದ ಪರಿಚಯ ಹೊಸದಾಗಿ ಮಾಡಿಸಬೇಕಿಲ್ಲ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಸುವುದು ಇದೇ ಕುಲದ ಇನ್ನೊಂದು ಜಾತಿ ತರುವ ಕೊಳೆರೋಗಕ್ಕೆ, ಕಾಳುಮೆಣಸಿನ ಬಳ್ಳಿ ಏಕಾಏಕಿ ಸೊರಗುವುದೂ ಅದರ ದಾಯಾದಿಯಿಂದ. ಒರೆಗಾನ್‌ನಲ್ಲಿ ಅದು ಹಬ್ಬಿದ್ದು ಹರಿಯುವ ನೀರಿನಲ್ಲಿ, ದಿಮ್ಮಿ ಸಾಗಿಸುವ ಲಾರಿಗಳ ಚಕ್ರಕ್ಕೆ ಮೆತ್ತಿದ ಕೆಸರಿನಲ್ಲಿ. ಮರ ಕಡಿಯಲು ಮಾಡಿದ ದಾರಿಯೇ ರೋಗಕ್ಕೆ ರಾಜಮಾರ್ಗವಾಯಿತು.

ಒಳ್ಳೆಯ ಸೀಡರ್ ತುಟ್ಟಿಯಾಗುತ್ತಾ ಬಂದ ಕಾಲಕ್ಕೇ ಲೋಹದ ಬಾಣವೂ ಬೆಳೆಯಿತು. ಮರದ ಬಾಣ ಕಟ್ಟುತ್ತಲೇ ಕಸುಬು ಶುರು ಮಾಡಿದ್ದ ಡಗ್ ಈಸ್ಟನ್ ಮರದ ಚಂಚಲ ಸ್ವಭಾವಕ್ಕೆ ಬೇಸತ್ತು 1939ರಲ್ಲಿ ಅಲ್ಯೂಮಿನಿಯಂ ಕೊಳವೆಯ ಬಾಣ ಮಾಡಿದ. 1941ರಲ್ಲಿ ಲ್ಯಾರಿ ಹ್ಯೂಸ್ ಅದೇ ಬಾಣಗಳಿಂದ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದ. ಕೊಳವೆಯಲ್ಲಿ ಬಿಗುವನ್ನೂ ತೂಕವನ್ನೂ ಬೇರೆಬೇರೆಯಾಗಿ ಹೊಂದಿಸಬಹುದು: ಗೋಡೆಯ ದಪ್ಪ ಒಂದು, ವ್ಯಾಸ ಇನ್ನೊಂದು. ಸ್ವೀಟ್‌ಲ್ಯಾಂಡ್ ಮರಕ್ಕೆ ಬೆಂಕಿ ಕೊಟ್ಟು ಹಿಂಡಿ ಪಡೆದದ್ದು ಲೋಹದಲ್ಲಿ ಕಾರ್ಖಾನೆಯ ಅಳತೆಪಟ್ಟಿ ನೋಡಿದರೆ ಸಿಗುವಂತಾಯಿತು. ಆಮೇಲೆ ಬಂದ ಕಾರ್ಬನ್ ಇಬ್ಬರನ್ನೂ ಹಿಂದೆ ಹಾಕಿತು. ಒಲಿಂಪಿಕ್ಸ್‌ನಲ್ಲಿ ಇಂದು ಮರದ ಬಾಣ ಹಿಡಿದು ಬರುವವರು ಯಾರೂ ಇಲ್ಲ.

ಆದರೂ ಮರದ ಬಾಣಕ್ಕೆ ಕಾಯ್ದಿಟ್ಟ ಜಾಗಗಳಿವೆ. ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ ತ್ರೀಡಿ ಸ್ಪರ್ಧೆಗಳ ಲಾಂಗ್‌ಬೋ ವಿಭಾಗದಲ್ಲಿ ಮರದ ಬಾಣವೇ ಆಗಬೇಕೆಂಬ ನಿಯಮವಿದೆ. ನಮ್ಮಲ್ಲಿಯೂ ಇಂಡಿಯನ್ ರೌಂಡ್ ಎಂಬ ವಿಭಾಗದಲ್ಲಿ ಬಿದಿರು, ಮರದ ಬಿಲ್ಲುಬಾಣಗಳಿಂದಲೇ 30 ಮತ್ತು 50 ಮೀಟರ್ ದೂರದ ಗುರಿಗೆ ಹೊಡೆಯುತ್ತಾರೆ. ಭಾರತದ ಬಾಣ ಪರಂಪರೆ ಮರಕ್ಕಿಂತ ಬಿದಿರು, ಜೊಂಡುಗಳನ್ನೇ ಹೆಚ್ಚು ನಂಬಿತ್ತು. ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕಂಡು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಆಯುಧಾಗಾರದ ಅಧ್ಯಾಯದಲ್ಲಿ ಬಿದಿರು, ಜೊಂಡುಗಳ ಬಾಣದಿಂದ ಹಿಡಿದು ಕಬ್ಬಿಣದ ನಾರಾಚದವರೆಗೆ ಪಟ್ಟಿ ಇದೆ. ಮೊನೆಗಳನ್ನು ಅಲ್ಲಿ ಮಾಡುವ ಕೆಲಸದ ಮೇಲೆ ವಿಂಗಡಿಸಲಾಗಿದೆ: ಕತ್ತರಿಸುವುದು, ಸೀಳುವುದು, ಬರೀ ಬಡಿಯುವುದು. ಬಿದಿರಿಗೆ ಸೀಡರಿನ ಕಷ್ಟ ಇಲ್ಲ. ಅದರ ಗಟ್ಟಿ ನಾರೆಲ್ಲ ಹೊರಮೈಯಲ್ಲೇ ಕೂಡಿರುವುದರಿಂದ ಹುಟ್ಟುತ್ತಲೇ ಕೊಳವೆಯ ಲಾಭ ಪಡೆದಿರುತ್ತದೆ. ಬಿದಿರು ಕೈಗೆಟಕುವ ನಾಡಿನಲ್ಲಿ ಮರವನ್ನು ಒತ್ತಿ ಬಾಣ ಮಾಡುವ ಯೋಚನೆ ಯಾರಿಗೂ ಬರದಿದ್ದರೆ ಆಶ್ಚರ್ಯವಿಲ್ಲ.

ಒತ್ತಿದ ಮರ ಮಾತ್ರ ನಮ್ಮ ನಡುವೆ ಬೇರೆ ವೇಷದಲ್ಲಿ ಬಹಳ ಕಾಲದಿಂದ ಇದೆ. ರಾಳ ಕುಡಿಸಿ ಒತ್ತಿದ ಕಾಂಪ್ರೆಗ್‌ಗೆ ಐಎಸ್ 3513 ಎಂಬ ಭಾರತೀಯ ಮಾನಕವಿದೆ. ದೊಡ್ಡ ಟ್ರಾನ್ಸ್‌ಫಾರ್ಮರುಗಳ ಒಳಗೆ ಸುರುಳಿಗಳನ್ನು ಬಿಗಿದು ಹಿಡಿಯುವ ಉಂಗುರ, ಪಟ್ಟಿಗಳು ಇಂಥ ಮರದವು. ವಿದ್ಯುತ್ ಹಾಯಗೊಡದು, ಎಣ್ಣೆಯಲ್ಲಿ ಮುಳುಗಿದರೂ ಬಲ ಬಿಡದು. ಮಗ್ಗದ ಲಾಳಿಗೂ ಇದನ್ನು ಬಳಸುತ್ತಾರೆ. ನಿಮಿಷಕ್ಕೆ ನೂರಾರು ಸಲ ಅತ್ತಿಂದಿತ್ತ ಏಟು ತಿನ್ನುವ ಲಾಳಿಗೂ ಬಾಣದ ಗುಣಗಳೇ ಬೇಕು: ಭಾರ, ನುಣುಪು, ಸೀಳದ ಮೈ.

2018ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾಂಗ್‌ಬಿಂಗ್ ಹು ಅವರ ತಂಡ ಪ್ರಕಟಿಸಿದ ಪ್ರಯೋಗ ಈ ಹಳೆಯ ವಿದ್ಯೆಗೆ ಹೊಸ ತಿರುವು ಕೊಟ್ಟಿತು. ಅವರು ಮರವನ್ನು ಮೊದಲು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ಕುದಿಸಿ ಲಿಗ್ನಿನ್ನಿನ ಒಂದು ಪಾಲು ಕಳೆದರು, ಆಮೇಲೆ ಬಿಸಿಯಾಗಿ ಒತ್ತಿದರು. ಭಿತ್ತಿಗಳು ಪೂರ್ತಿ ಕುಸಿದು ಒಂದಕ್ಕೊಂದು ಹೆಣೆದುಕೊಂಡವು. ಬಲ ಹತ್ತು ಪಟ್ಟಿಗೂ ಮೀರಿ ಏರಿತು. ಮ್ಯಾಡಿಸನ್‌ನವರು ಲಿಗ್ನಿನ್ ಹರಿಸಿ ಗೆದ್ದರೆ, ಇವರು ಅದನ್ನು ಅರ್ಧ ತೆಗೆದು ಗೆದ್ದರು. ಅವರ ಕಣ್ಣಿರುವುದು ಉಕ್ಕಿನ ಮಾರುಕಟ್ಟೆಯ ಮೇಲೆ. ಆದರೂ ಈ ಮರದ ಕಡ್ಡಿಯನ್ನು ಎರಡು ಆಧಾರಗಳ ಮೇಲಿಟ್ಟು ಎರಡು ಪೌಂಡ್ ತೂಗಿಸಿ ನೋಡುವ ಬಾಣಗಾರ ಎಲ್ಲಾದರೂ ಹುಟ್ಟದೆ ಇರಲಾರ.

ಹಳೆಯ ಒತ್ತಿದ ಬಾಣ ಕೈಗೆ ಬಂದವರಿಗೆ ಒಂದು ಮಾತು. ಹೂಡುವ ಮೊದಲು ಎರಡೂ ತುದಿ ಹಿಡಿದು ಕಿವಿಯ ಹತ್ತಿರ ತಂದು ಮೆಲ್ಲಗೆ ಬಾಗಿಸಿ, ತಿರುಗಿಸಿ ಮತ್ತೆ ಬಾಗಿಸಿ. ಚಿಟಿಕೆಯಷ್ಟು ಸದ್ದು ಬಂದರೂ ಆ ಬಾಣವನ್ನು ಹೂಡಬೇಡಿ. ಒಳಗೆ ಬಿರುಕಿದ್ದ ಕಡ್ಡಿ ಹೆದೆಯ ನೂಕಿಗೆ ಮುರಿದು ಬಿಲ್ಲು ಹಿಡಿದ ಕೈಗೇ ಹೊಗುತ್ತದೆ. ಕಣ್ಣಿಗೆ ಹಿಡಿದು ತುದಿಯಿಂದ ತುದಿಗೆ ನೋಡಿ, ಬೆರಳುಗಳ ನಡುವೆ ಉರುಳಿಸಿ. ಉರುಳುವಾಗ ಎಲ್ಲಾದರೂ ತಡವರಿಸಿದರೆ ತೇವಕ್ಕೆ ಮೊಟ್ಟೆಯಾಕಾರ ತಾಳಿದೆ ಎಂದೇ ಲೆಕ್ಕ. ಕಚ್ಚು ಹಳೆಯ ಪ್ಲಾಸ್ಟಿಕ್ಕಿನದಾಗಿದ್ದರೆ ಯೋಚಿಸದೆ ಬದಲಿಸಿ, ಮರಕ್ಕಿಂತ ಮೊದಲು ಪುಡಿಯಾಗುವುದು ಅದು.